ಕೆಮ್ಮಿದ್ದೋ ನಕ್ಕಿದ್ದೋ

ಮಣ್ಣಗುಡ್ಡದ ಒಂದು ಮಹಿಳಾ ಮಂಡಲದ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ನಾವು ಮೊಬೈಲ್ ಹೇಳಿಕೊಡುತ್ತಿದ್ದೆವು. ನಾವು ಅಂದರೆ ನಾನು ಮತ್ತು ನಿವೃತ್ತರಾದ ಒಬ್ಬ ಟೀಚರು. ಬರುತ್ತಿದ್ದವರೆಲ್ಲ ಅರವತ್ತು ದಾಟಿದವರು. ಮಕ್ಕಳು ಬಳಸಿ ಬಿಟ್ಟ ಫೋನುಗಳನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದರು. ಅವರಿಗೆ ನನ್ನ ಮೊದಲ ಪಾಠ ಯಾವಾಗಲೂ ಒಂದೇ: ಹೆದರಬೇಡಿ, ಒತ್ತಿದರೆ ಏನೂ ಹಾಳಾಗುವುದಿಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಬ್ಬರ ನೆನಪನ್ನೇ ಸಾಕ್ಷಿ ಎಂದು ನಂಬಬೇಡಿ, ಇನ್ನೊಂದು ಕಡೆ ತಾಳೆ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಈಗ ಬರೆಯುತ್ತಿರುವುದನ್ನು ತಾಳೆ ನೋಡಿದ್ದೇನೆ. ತಾಳೆಯಾಗುವುದಿಲ್ಲ.

ಕುಲಶೇಖರದಿಂದ ಎರಡು ಬಸ್ಸು ಹಿಡಿದು ಒಬ್ಬರು ಬರುತ್ತಿದ್ದರು. ಸಣ್ಣ ಪ್ರಾಯದಿಂದ ಬೀಡಿ ಕಟ್ಟಿದವರು. ಏನು ಕಲಿಯಬೇಕೆಂದು ಕೇಳಿದಾಗ ಉಳಿದವರು ಕರೆಂಟ್ ಬಿಲ್, ವಿಡಿಯೋ ಕಾಲ್, ಭಜನೆ ಎಂದರು. ಇವರಿಗೆ ಬೇಕಾದದ್ದು ಒಂದೇ: ತಮ್ಮನ ಒಂದು ವಾಯ್ಸ್ ಮೆಸೇಜನ್ನು ಯಾರನ್ನೂ ಕೇಳದೆ ತಾವೇ ಹಾಕಿ ಕೇಳಬೇಕು. ತಾಯಿ ಹೋದ ಮೇಲೆ ಅವನನ್ನು ಸಾಕಿದ್ದು ಈ ಅಕ್ಕ. ಗಲ್ಫಿನಲ್ಲಿದ್ದವನು ಅಲ್ಲೇ ಎದೆನೋವು ಬಂದು ತೀರಿಕೊಂಡಿದ್ದ. ಮೆಸೇಜು ಅದೇ ವಾರದ್ದು. ಮನೆಯಲ್ಲಿ ಸೊಸೆ ಹಾಕಿಕೊಡುತ್ತಿದ್ದಳು. ಆದರೆ ದಿನಕ್ಕೆ ಎಷ್ಟು ಸಲವೆಂದು ಅವಳನ್ನು ಕರೆಯುವುದು?

“ಅವಳು ಬೈಯುವುದಿಲ್ಲ ಮಾಸ್ಟ್ರೆ. ಮುಖ ನೋಡಿದ್ರೆ ಗೊತ್ತಾಗ್ತದೆ.”

ಒಣಗಿ ಸವೆದ ಅವರ ಬೆರಳತುದಿಗೆ ಸ್ಕ್ರೀನು ಸುಲಭವಾಗಿ ಓಗೊಡುತ್ತಿರಲಿಲ್ಲ. ಆಗ ಅವರು ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಿದ್ದರು, ಬೀಡಿಯ ಬಾಯಿ ಮಡಚಿ ಕೂರಿಸುವ ಹಾಗೆ. ಹಾಗೆ ಒತ್ತಿ ಹಿಡಿದರೆ ಮೆಸೇಜು ಕೇಳಿಸುವುದಿಲ್ಲ. ಅದರ ಬಣ್ಣ ಬದಲಾಗಿ, ಮೇಲೆ ಕಸದ ಬುಟ್ಟಿಯ ಚಿತ್ರ ಬರುತ್ತದೆ. ಮುಟ್ಟಿ ಬಿಡಿ ಅಕ್ಕ, ಒತ್ತಬೇಡಿ ಎಂದು ಎಷ್ಟು ಸಲ ಹೇಳಿದೆನೋ.

“ಮೆಲ್ಲ ಒತ್ತಿದ್ರೆ ಬೀಡಿ ತಕೊಳ್ಳುವ ಬ್ರಾಂಚಿನವ ವಾಪಸ್ ಬಿಸಾಡ್ತಿದ್ದ. ಜೋರು ಒತ್ತಿದ್ರೆ ನೀವು ಬೈತೀರಿ. ನಾನೆಂತ ಮಾಡುದು ಮಾರಾಯ್ರೆ?” ಎಂದರು. ಕೂತಿದ್ದವರೆಲ್ಲ ನಕ್ಕರು.

ನಾಲ್ಕನೆಯ ಶನಿವಾರ, ನನ್ನ ಲೆಕ್ಕ ಸರಿಯಿದ್ದರೆ, ಅದು ಅವರ ಬೆರಳಿಗೆ ಸಿಕ್ಕಿತು. ಸದ್ದು ತಗ್ಗಿಸಿ ಮೊದಲು ತಮ್ಮ ಕಿವಿಗೆ, ಆಮೇಲೆ ನನ್ನ ಕಿವಿಗೆ ಹಿಡಿದರು. ಮೊದಲು ಏನೋ ಒಂದು ಸಣ್ಣ ಸದ್ದು. ಮತ್ತೆ “ಅಕ್ಕಾ, ಒಣಸ್ ಆಂಡಾ?” ಎಂದು ತುಳುವಿನಲ್ಲಿ ಊಟ ಆಯಿತೇ ಎಂಬ ವಿಚಾರಣೆ. ಸೆಕೆಯ ಮಾತು, ರೂಮಿನವರು ಮಾಡಿದ ಮೀನಿನ ಸಾರಿನ ದೂರು. ನಾನು ಘಟ್ಟದ ಮೇಲಿನವನು; ತುಳು ಅರ್ಥವಾಗುತ್ತದೆ, ಆಡಲು ಬಾರದು. ಚೆನ್ನಾಗಿದೆ ಅಕ್ಕ ಎಂದೆ.

ಮುಂದಿನ ಶನಿವಾರ ನಾನು ಪಕ್ಕದ ಬೆಂಚಿನಲ್ಲಿ ಯಾರಿಗೋ ಓಟಿಪಿ ಎಂದರೇನೆಂದು ವಿವರಿಸುತ್ತಿದ್ದೆ. ಹಿಂದಿನಿಂದ ಅವರ ಸ್ವರ: “ಮಾಸ್ಟ್ರೆ, ಇದು ಎಂತದೋ ಕೇಳ್ತಾ ಉಂಟು.” ನಾನು ತಿರುಗಿ ನೋಡದೆ, “ಅಡ್ಡಿಲ್ಲ ಅಕ್ಕ, ಮೇಲಿನದ್ದು ಒತ್ತಿ” ಎಂದೆ.

ಎಂದೆ ಎಂದು ನನ್ನ ನೆನಪು. ಒಮ್ಮೊಮ್ಮೆ ತಿರುಗಿ ನೋಡಿದ್ದೂ, ಅಳಿಸಲೇ ಎಂದು ಇಂಗ್ಲಿಷಿನಲ್ಲಿದ್ದ ಆ ಪ್ರಶ್ನೆಯನ್ನು ಓದಿದ್ದೂ ನೆನಪಾಗುತ್ತದೆ. ಹಾಗಿದ್ದರೆ ತಪ್ಪು ಇನ್ನೂ ದೊಡ್ಡದು. ನಾನು ಆಗ ಕಿಟಕಿಯ ಹತ್ತಿರ ನಿಂತಿದ್ದೆ, ಯಾರಿಗೂ ಏನೂ ಹೇಳಲಿಲ್ಲ ಎನ್ನುತ್ತಾರೆ ಟೀಚರು. ಮೆಸೇಜು ಅಳಿಸಿಹೋದದ್ದು ಮಾತ್ರ ಮೂವರೂ ಒಪ್ಪುವ ಸಂಗತಿ.

ಮೊಬೈಲ್ ಅಂಗಡಿಯವರು ಎರಡು ದಿನ ಇಟ್ಟುಕೊಂಡು ನೋಡಿ ಕೈಚೆಲ್ಲಿದರು. ಬ್ಯಾಕಪ್ಪು ಎಂಬುದನ್ನು ಆ ಫೋನಿನಲ್ಲಿ ಯಾರೂ ಹಾಕಿರಲಿಲ್ಲ. ಅದು ನಮ್ಮ ಏಳನೆಯ ಪಾಠ, ಇನ್ನೂ ಅಲ್ಲಿಗೆ ಬಂದಿರಲಿಲ್ಲ. ತಮ್ಮನ ಶವಪೆಟ್ಟಿಗೆಯ ಜೊತೆ ಅವನ ಫೋನು ಊರಿಗೆ ಬಂದಿರಲಿಲ್ಲ.

ಅವರು ಬರುವುದನ್ನು ನಿಲ್ಲಿಸಿದರು. ಮೂರು ವಾರ ಕಳೆದು ನಾನೇ ಕುಲಶೇಖರಕ್ಕೆ ಹೋದೆ. ಬೆಲ್ಲ, ನೀರು ತಂದಿಟ್ಟು ಎದುರಿಗೆ ಕೂತರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ: ತಪ್ಪು ನನ್ನದು, ಒತ್ತಿ ಎಂದವನು ನಾನು.

“ನೀವು ಎಂತ ಹೇಳಿದ್ದೂ ಇಲ್ಲ. ನೀವು ಆಚೆ ಇದ್ರಿ. ಒತ್ತಿದ್ದು ನಾನು.”

ನನ್ನನ್ನು ಉಳಿಸಲು ಹೇಳಿದರೋ, ಅವರಿಗೆ ನೆನಪಿರುವುದೇ ಹಾಗೋ, ಮುಖದಿಂದ ತಿಳಿಯಲಿಲ್ಲ. ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಮಾಡಿದರು.

“ಅದು ಬಿಡಿ. ನೀವು ಕೇಳಿದ್ದೀರಲ್ಲ, ನಂಗೊಂದು ಹೇಳಿ. ಅಕ್ಕ ಅಂತ ಕರೆಯುವ ಮೊದಲು ಅವ ಕೆಮ್ಮಿದ್ದಾ, ನಕ್ಕಿದ್ದಾ? ನಂಗೆ ಒಂದು ದಿನ ಹಾಗೆ, ಒಂದು ದಿನ ಹೀಗೆ. ಇವಳನ್ನು ಕೇಳಿದೆ. ಹಾಕಿಕೊಟ್ಟು ಒಳಗೆ ಹೋಗ್ತಿದ್ದೆ ಅತ್ತೆ, ಸರಿ ಕೇಳ್ಲಿಲ್ಲ ಅಂತಾಳೆ.”

ನೀರಿನ ಲೋಟವನ್ನು ನನ್ನ ಕಡೆ ಸರಿಸಿ ಅವರೇ ಹೇಳಿದರು: “ಕೆಮ್ಮಿದ್ದಾದ್ರೆ ಆಗಲೇ ಅವನಿಗೆ ಹುಷಾರಿರಲಿಲ್ಲ ಅಲ್ವಾ? ನಾನು ‘ಎಂತ ಮಾರಾಯ’ ಅಂತ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ.”

ಅವರ ಹೆಬ್ಬೆರಳು ಚಾಪೆಯ ಅಂಚನ್ನು ಒತ್ತುತ್ತಲೇ ಇತ್ತು. ನಾನು ಆ ಸದ್ದನ್ನು ಹುಡುಕಿದೆ. ಹಾಲ್‌ನ ಫ್ಯಾನು ನೆನಪಾಯಿತು, ಕಿವಿಗೆ ತಾಗಿದ ಫೋನಿನ ಬಿಸಿ ನೆನಪಾಯಿತು. ಸದ್ದು ಮಾತ್ರ ಇರಲಿಲ್ಲ.

“ನಕ್ಕಿದ್ದು ಅಕ್ಕ,” ಎಂದೆ.

“ಸರಿ ನೆನಪುಂಟಾ?”

“ಉಂಟು.”

ಅವರು ತಲೆಯಾಡಿಸಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಅವ ನಕ್ಕದ್ದಂತೆ, ಮಾಸ್ಟ್ರು ಕೇಳಿದ್ದಾರಂತೆ ಎಂದು ಸೊಸೆಗೆ ತುಳುವಿನಲ್ಲಿ ಕೂಗಿ ಹೇಳಿದರು.