ಗುನ್‌ವೋರಳ ಜೊಂಡಿನ ಸೂರು

ಗುನ್‌ವೋರಳ ಮಾತೆತ್ತಿದರೆ ಮೊದಲು ಅವಳ ಕುರಿಮನೆಯ ವಿಷಯಕ್ಕೇ ಬರಬೇಕು, ಯಾಕೆಂದರೆ ಕುರಿ ಸಾಕುವ ಆ ಹೆಂಗಸಿಗೆ ಜಿಲ್ಲಾ ಕಚೇರಿಯವರನ್ನು ಕಂಡರೆ ಮೈಯೆಲ್ಲ ಉರಿಯುವುದು ಶುರುವಾದದ್ದೇ ಅಲ್ಲಿಂದ. ಗಾಟ್‌ಲ್ಯಾಂಡ್ ದ್ವೀಪದ ಬಡಗಣ ತುದಿಯಲ್ಲಿ, ಕಡಲ ಗಾಳಿಗೆ ಎದೆಯೊಡ್ಡಿ ನಿಂತ ಕಲ್ಲುಗೋಡೆಯ ಕುರಿಮನೆ ಅದು, ಅವಳ ಮುತ್ತಜ್ಜ ಕಟ್ಟಿದ್ದು. ಒಂದು ಚಳಿಗಾಲದಲ್ಲಿ ಗಾಳಿ ಅದರ ಜೊಂಡಿನ ಹೊದಿಕೆಯನ್ನು ಕೋಳಿಯ ಪುಕ್ಕ ಕಿತ್ತ ಹಾಗೆ ಕಿತ್ತುಹಾಕಿತು. ಒಂದು ಬದಿಯ ಗೋಡೆಯೂ ಹೊಟ್ಟೆ ಬಿಟ್ಟುಕೊಂಡಿತು. ಹೊದಿಕೆಗಾದರೆ ಊರವರಿದ್ದಾರೆ, ಮುಯ್ಯಾಳಿಗೆ ಬರುತ್ತಾರೆ, ಇವತ್ತು ಇವರ ಸೂರಿಗೆ ಅವರು, ನಾಳೆ ಅವರ ಸೂರಿಗೆ ಇವರು. ಗೋಡೆಗೆ ಮಾತ್ರ ದುಡ್ಡು ಸುರಿದು ಕಲ್ಲುಕುಟಿಗನನ್ನೇ ಕರೆಸಬೇಕು. ಹಾಗಾಗಿ ಅವಳು ಹಳೆಯ ಕಟ್ಟಡಗಳ ದುರಸ್ತಿಗೆ ಸರಕಾರ ಕೊಡುವ ಸಹಾಯಧನ ಕೇಳಿದಳು.

ವಸಂತದಲ್ಲಿ ಕಚೇರಿಯಿಂದ ರಾಸ್ಮುಸ್ ಎಂಬ ತರುಣ ಅಧಿಕಾರಿ ಬಂದು, ಕುರಿಮನೆಯ ಸುತ್ತ ತಿರುಗಿ, ಚಂದ ಚಂದ ಎಂದು ಹೊಗಳಿ ಹೋದ. ಒಂದೇ ಷರತ್ತು, ಮಂಜೂರಾತಿ ಬರುವ ತನಕ ಏನನ್ನೂ ಮುಟ್ಟಬಾರದು. ಬೇಸಿಗೆ ಕಳೆಯಿತು, ಮಂಜೂರಾತಿ ಬರಲಿಲ್ಲ. ಅಷ್ಟರಲ್ಲಿ ಜವುಗಿನಲ್ಲಿ ಕೊಯ್ದ ಜೊಂಡು ಒಣಗಿ ಬಣವೆಯಾಗಿತ್ತು. ಅದರ ಮೇಲೆ ಶರತ್ಕಾಲದ ಮಳೆ ಬಿದ್ದರೆ ಒಳಗೇ ಬೆಂದು ಕೊಳೆಯುತ್ತದೆ. ಸೂರಿಲ್ಲದ ಮನೆಯಲ್ಲಿ ಕುರಿಗಳು ಚಳಿಗಾಲ ದಾಟುವುದಿಲ್ಲ. ಅವಳು ಸೂರು ಹೊದಿಸುವ ದಿನವನ್ನು ಊರಿಗೆ ಸಾರಿದಳು. ಒಮ್ಮೆ ಸಾರಿದ ದಿನವನ್ನು ಆ ಊರಲ್ಲಿ ಯಾರೂ ಹಿಂತೆಗೆದುಕೊಳ್ಳುವುದಿಲ್ಲ. ಹಿಂತೆಗೆದುಕೊಂಡವರ ಮನೆಗೆ ಮತ್ತೆ ಯಾರೂ ಏಣಿ ಹೊತ್ತು ಬರುವುದಿಲ್ಲ.

ಆ ಬೆಳಗ್ಗೆ ಎಲ್ಲರೂ ಅಂಗಳ ತುಂಬಿದ್ದಾಗ ರಾಸ್ಮುಸ್‌ನ ಕಾರೂ ಬಂತು. ಯಾರೋ ಕಚೇರಿಗೆ ಸುದ್ದಿ ಊದಿದ್ದರು.

"ಗುನ್‌ವೋರ್, ನಿನ್ನ ಅರ್ಜಿ ಮುಂದಿನ ತಿಂಗಳ ಸಭೆಗೆ ಬರತ್ತೆ. ಈಗ ಒಂದು ಕಟ್ಟು ಜೊಂಡು ಮೇಲೆ ಹೋದ್ರೂ ಕೆಲಸ ಶುರು ಅಂತಲೇ ಲೆಕ್ಕ. ಆಮೇಲೆ ಗೋಡೆಗೂ ಏನೂ ಸಿಗಲ್ಲ."

"ಮಳೆಗೂ ಹೇಳಿದೀಯಾ, ಮುಂದಿನ ತಿಂಗಳ ತನಕ ಕಾಯಿ ಅಂತ?"

"ನಿಯಮ ನಾನು ಮಾಡಿದ್ದಲ್ಲ."

"ಹೌದಪ್ಪ, ನೀನು ಏನನ್ನೂ ಮಾಡಿದ್ದಲ್ಲ."

ಏಣಿಯ ತುದಿಯಲ್ಲಿ ಕೂತಿದ್ದ ಪಕ್ಕದ ಹೊಲದ ಟೋರ್ಗ್ನಿಗೆ ತಾಳ್ಮೆ ಕೆಟ್ಟಿತು. "ಅವನ ಹತ್ರ ಯಾಕೆ ಬಾಯಿ ನೋಯಿಸ್ಕೋತೀಯೆ? ಹೊದಿಸೋದಾ, ಮನೆಗೆ ಹೋಗೋದಾ, ಅಷ್ಟು ಹೇಳು."

ಗುನ್‌ವೋರ್ ಹೊಟ್ಟೆ ಬಿಟ್ಟ ಗೋಡೆಯನ್ನು ಒಮ್ಮೆ ನೋಡಿದಳು. ಅದು ಇನ್ನು ಹಾಗೇ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಕವೆಗೋಲು ಎತ್ತಿ ಮೊದಲ ಕಟ್ಟನ್ನು ತಾನೇ ಮೇಲಕ್ಕೆಸೆದಳು. ರಾಸ್ಮುಸ್ ಪುರಾವೆಗೆಂದು ಫೋಟೋ ತೆಗೆದ.

ಸೂರು ಹೊದಿಸುವ ದಿನ ಅಂಗಳದಲ್ಲಿ ನಿಂತವನು ಹಗೆಯಾದರೂ ಅವನಿಗೆ ಊಟ ಹಾಕಲೇಬೇಕು. ಕುರಿಮಾಂಸದ ತಟ್ಟೆ, ಹೊಗೆ ವಾಸನೆಯ ಮನೆ ಬಿಯರಿನ ಚೊಂಬು ಎರಡನ್ನೂ ತಂದು ಅವನ ಮುಂದೆ ಕುಕ್ಕಿದಳು. ಕೆಲಸದ ಮೇಲಿರುವಾಗ ಇಂಥದ್ದನ್ನು ಮುಟ್ಟುವಂತಿಲ್ಲ, ಲಂಚವಾಗುತ್ತದೆ ಎಂದು ಅವನು ಗೊಣಗಿದ.

"ಲಂಚ ಕೊಟ್ಟು ಇಸ್ಕೊಳ್ಳೋಕೆ ನಿನ್ನ ಹತ್ರ ಇನ್ನೇನು ಉಳಿದಿದೆ? ತಿನ್ನೋದಾದ್ರೆ ತಿನ್ನು, ಇಲ್ಲಾ ಹೊರಡು."

ಅವನು ಹೊರಟ. ಅವನು ಮುಟ್ಟದ ಬಿಯರನ್ನು ಟೋರ್ಗ್ನಿ ಟಗರಿಗೆ ಕುಡಿಸಿದ. ಸಂಜೆಯಾಗುವ ಮೊದಲೇ ಸೂರು ನಿಂತಿತು. ಸಹಾಯಧನ ತಿರಸ್ಕೃತವಾಯಿತು. ಗೋಡೆಗೆ ಈಗಲೂ ಮರದ ದಿಮ್ಮಿಗಳೇ ಊರುಗೋಲು.

ಮಾರನೆಯ ಬೇಸಿಗೆಯಲ್ಲಿ ಕಚೇರಿಯವರು ರಸ್ತೆಯ ಬದಿಗೆ ಒಂದು ಫಲಕ ನೆಟ್ಟರು, ಮೇಲೆ ‘ಜೀವಂತ ಪರಂಪರೆ’ ಎಂಬ ಬರಹ. ಅದರ ನಡುವೆ ಅದೇ ಪುರಾವೆಯ ಫೋಟೋ: ಕವೆಗೋಲು ಎತ್ತಿ ಹಲ್ಲು ಕಚ್ಚಿ ನಿಂತ ಗುನ್‌ವೋರ್. ಅವಳು ಆ ಫಲಕದ ಮೇಲೆ ಕುರಿತೊಗಲು ಒಣಹಾಕುತ್ತಾಳೆ. ತೆಗೆ ಎನ್ನಲು ರಾಸ್ಮುಸ್ ಬಂದಾಗ ಅವಳದು ಒಂದೇ ಮಾತು.

"ಗೋಡೆ ಕಟ್ಟಿಸು, ತೆಗೀತೀನಿ."

ತೊಗಲು ಇನ್ನೂ ಅಲ್ಲೇ ಇದೆ. ನೀವೇ ಹೋಗಿ ಅವಳನ್ನು ಮಾತಾಡಿಸಿ. ಈ ಶರತ್ಕಾಲ ಟೋರ್ಗ್ನಿಯ ಸೂರಿನ ಸರದಿ, ಅವಳು ಅಲ್ಲೇ ಏಣಿಯ ಬುಡದಲ್ಲಿ ಸಿಗುತ್ತಾಳೆ. ಜೊಂಡು ಕೈ ಕೊಯ್ಯುತ್ತದೆ, ಕೈಗವಸು ಒಯ್ಯಿರಿ. ಕಚೇರಿಯವರಲ್ಲ ಎಂದು ದೂರದಿಂದಲೇ ಕೂಗಿ ಹೇಳಿ. ಊಟ ಹಾಕಿದರೆ ಮಾತ್ರ ಬೇಡ ಎನ್ನಬೇಡಿ.