ಒತ್ತಕ್ಷರಕ್ಕೆ ಜಾಗವಿರಲಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರೆಸ್ಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೋರ್ಡಣ್ಣ ನೆಲದ ಮೇಲೆ ಉದ್ದನೆಯ ಹಾಳೆ ಹಾಸಿಕೊಂಡು ಒಂದು ಮೊಣಕಾಲೂರಿ ಕೂತಿದ್ದಾರೆ. ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ, ಕೆಂಪು ಬಣ್ಣದ ಡಬ್ಬಿ, ಕೂದಲು ಸವೆದ ಚಪ್ಪಟೆ ಬ್ರಷ್ಷು. ಮೊದಲು ಗೇಣಿನಿಂದ ಹಾಳೆ ಅಳೆಯುತ್ತಾರೆ, ಆಮೇಲೆ ಗಾಳಿಯಲ್ಲೇ ಅಕ್ಷರ ತೀಡಿ ನೋಡುತ್ತಾರೆ. ಬೇರೆ ವಾರವಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಇವತ್ತು ಕೈ ಮುಂದಕ್ಕೆ ಹೋಗುತ್ತಿಲ್ಲ. ಬ್ರಷ್ಷಿನ ತುದಿಯ ಬಣ್ಣ ಒಣಗುತ್ತಿದೆ, ಮತ್ತೆ ಅದ್ದುತ್ತಾರೆ.

ಪತ್ರಿಕೆ ಅಂಗಡಿಗಳ ಮುಂದೆ ತಂತಿಬಲೆಯ ಚೌಕಟ್ಟೊಂದು ಗೋಡೆಗೆ ಒರಗಿರುವುದನ್ನು ಎಲ್ಲರೂ ನೋಡಿದ್ದೇವೆ. ಅದರೊಳಗೆ ಒಂದು ಹಾಳೆ, ಹಾಳೆಯ ಮೇಲೆ ಎರಡು ಸಾಲು, ಕಣ್ಣಿಗೆ ಹೊಡೆಯುವಂಥ ದಪ್ಪ ಅಕ್ಷರ. ಅದನ್ನು ಬರೆಯುವ ಕೈ ಒಂದಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಈ ಊರಿನ ಪುಟ್ಟ ವಾರಪತ್ರಿಕೆಗೆ ಆ ಕೈ ಬೋರ್ಡಣ್ಣನವರದು. ವಾರಕ್ಕೆ ನಲವತ್ತರ ಆಸುಪಾಸು ಹಾಳೆ, ಎಲ್ಲದರ ಮೇಲೂ ಅದೇ ಎರಡು ಸಾಲು. ಕೊನೆಯ ಹಾಳೆ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತದೆ. ಕಂಬ ಹಿಡಿದು ಏಳಬೇಕು.

ಮೊದಲು ಅವರು ಅಂಗಡಿಗಳ ನಾಮಫಲಕ ಬರೆಯುತ್ತಿದ್ದವರು. ಸಲೂನು, ಸೈಕಲ್ ಶಾಪು, ಹಲ್ಲಿನ ಡಾಕ್ಟರು, ಎಲ್ಲರಿಗೂ ಇವರೇ. ಫ್ಲೆಕ್ಸ್ ಬಂದ ಮೇಲೆ ಏಣಿ ಮೂಲೆ ಸೇರಿತು. ಆಗ ಕರೆದು ಕೆಲಸ ಕೊಟ್ಟವರು ಈ ವಾರಪತ್ರಿಕೆಯ ಸಂಪಾದಕರು. ಮಾಲೀಕರೂ ಅವರೇ. ಕೈಬರಹಕ್ಕಿರುವ ಸೆಳೆತ ಅಚ್ಚಿಗಿಲ್ಲ ಅನ್ನುವುದು ಅವರ ನಂಬಿಕೆ. "ಅನ್ನ ಕೊಟ್ಟವರು, ಸುಳ್ಳು ಹೇಳಬಾರದು," ಅನ್ನುತ್ತಾರೆ ಬೋರ್ಡಣ್ಣ. "ಆದ್ರೆ ಮನೆಗೆ ನೆಂಟರು ಬಂದು ಎಲ್ಲಿ ಕೆಲ್ಸ ಅಂತ ಕೇಳಿದ್ರೆ, ಪ್ರೆಸ್ಸಲ್ಲಿ ಅಂತೀನಿ. ಯಾವ ಪ್ರೆಸ್ಸು ಅಂದ್ರೆ ನನಗೆ ಕೆಮ್ಮು ಬರುತ್ತೆ."

ಕೆಮ್ಮು ಬರುವುದು ಸಹಜ. ನಟಿಯ ಮೂರನೇ ಮದುವೆ, ಬಾವಿಯಲ್ಲಿ ದೆವ್ವ, ಮಾವನ ಜೊತೆ ಓಡಿಹೋದ ಸೊಸೆ, ಇವೇ ಆ ಪತ್ರಿಕೆಯ ದಿನಸಿ. ಕೊಂಡವರು ಮಡಚಿ ದೊಡ್ಡ ಪತ್ರಿಕೆಯ ಹೊಟ್ಟೆಯೊಳಗಿಟ್ಟು ಮನೆಗೆ ಒಯ್ಯುತ್ತಾರೆ. ಆದರೆ ಇದನ್ನೂ ಹೇಳಬೇಕು. ಸಚಿವರೊಬ್ಬರ ಸರ್ಕಾರಿ ಬಂಗಲೆಯಲ್ಲಿ ಕಸ ಗುಡಿಸುವ ಹೆಂಗಸು ತನ್ನ ಮೇಲೆ ಸಚಿವರು ಕೈ ಹಾಕಿದರೆಂದು ಠಾಣೆಗೆ ಹೋದಾಗ ಅಲ್ಲಿ ದೂರು ತೆಗೆದುಕೊಳ್ಳಲಿಲ್ಲ. ದೊಡ್ಡ ಪತ್ರಿಕೆಗಳವರು ಕೂರಿಸಿ, ಕಾಫಿ ಕೊಟ್ಟು, ಕೇಳಿಸಿಕೊಂಡು, ಕಳಿಸಿದರು. ಅಚ್ಚು ಹಾಕಿದ್ದು ಮಡಚಿ ಒಯ್ಯುವ ಈ ಪತ್ರಿಕೆಯೇ. ವರದಿಗಾರ್ತಿ ಆಕೆಯ ಹೆಸರು, ಗುರುತು ಏನನ್ನೂ ಬಿಟ್ಟುಕೊಡದೆ, ನಡೆದದ್ದನ್ನು ನಡೆದಂತೆಯೇ ಬರೆದರು. ಅದರ ಮರುದಿನವೇ ವಿಚಾರಣಾ ಸಮಿತಿ ನೇಮಕವಾಯಿತು.

ಆ ವಾರ ಬೋರ್ಡಿಗೆ ಸಂಪಾದಕರು ಬರೆದುಕೊಟ್ಟ ಸಾಲು ಹೀಗಿತ್ತು: ಸಚಿವರ ಬಂಗಲೆಯಲ್ಲಿ ಕೆಲಸದಾಕೆಯ ಮೇಲೆ ದೌರ್ಜನ್ಯ.

"ಸಾಲು ನೋಡ್ದೆ. ಹಾಳೆ ನೋಡ್ದೆ," ಎಂದು ನೆನೆಯುತ್ತಾರೆ ಬೋರ್ಡಣ್ಣ. "ದೌರ್ಜನ್ಯ ಅನ್ನೋದು ಬರೆಯೋರಿಗೆ ಶತ್ರು. ತಲೆ ಮೇಲೆ ಔತ್ವ, ಮಧ್ಯೆ ಅರ್ಕಾವೊತ್ತು, ಕೊನೇಲಿ ನ ಕಾರಕ್ಕೆ ಯ ಒತ್ತು. ಮೇಲೂ ಜಾಗ ಬೇಕು, ಕೆಳಗೂ ಜಾಗ ಬೇಕು. ನಾನು ಎಷ್ಟು ವರ್ಷದಿಂದ ಚಿಕ್ಕದು ಮಾಡ್ಕೊಂಡೇ ಬಂದೋನು. ಎರಡನೇ ಸಲ ಯೋಚ್ನೆ ಮಾಡ್ಲಿಲ್ಲ."

ಅವರು ಬರೆದದ್ದು: ಸಚಿವರ ಸರಸ.

ಒಂದು ಗುಡಿಸು ಬಿಟ್ಟರೆ ಎಲ್ಲ ಬೋಳು ಅಕ್ಷರ. ಬ್ರಷ್ಷು ನೀರಿನಂತೆ ಓಡಿತು. ಸಕಾರಗಳು ಸಾಲಾಗಿ ಕೂತವು. ನೋಡಲು ಬಂದ ಸಂಪಾದಕರು ಬೆನ್ನು ತಟ್ಟಿದರು. ಪತ್ರಿಕೆ ಮಧ್ಯಾಹ್ನಕ್ಕೆ ಖಾಲಿ. ಕೊಂಡವರು ಒಂದು ಪಾಲಾದರೆ ಬರೀ ಬೋರ್ಡು ಓದಿ ಬಸ್ಸು ಹತ್ತಿದವರು ಹತ್ತು ಪಾಲು. ಓದಿದವರು ಪಕ್ಕದವರ ಮುಖ ನೋಡಿ ತುಟಿಯ ಕೊನೆಯಲ್ಲಿ ನಕ್ಕರು. ಒಳಗೇನು ಬರೆದಿದೆಯೆಂದು ಅವರು ನೋಡಲೇ ಇಲ್ಲ. ಸಂಜೆಯ ಹೊತ್ತಿಗೆ ಸಚಿವರ ಕಡೆಯವರು ಬೋರ್ಡಿನ ಫೋಟೊ ತೆಗೆದು ಫೋನಿನಿಂದ ಫೋನಿಗೆ ಹರಿಬಿಟ್ಟಿದ್ದರು. ನೋಡಿ, ಪತ್ರಿಕೆಯೇ ಹೇಳಿದೆ, ಇಬ್ಬರೂ ಒಪ್ಪಿ ಆಡಿದ್ದು, ಅಂತ.

ಎರಡು ದಿನ ಕಳೆದ ಮೇಲೆ ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತರು. ಕೆಲಸ ಮುಗಿಸಿ ಬಂದಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು.

"ಬೋರ್ಡ್ ಬರೆಯೋರು ನೀವೇನಾ ಅಣ್ಣ?"

"ಹೌದಮ್ಮ. ಯಾವ ಅಂಗಡಿಗೆ ಬೇಕಿತ್ತು?"

"ಅಂಗಡಿಗಲ್ಲ. ಒಂದು ಮಾತು ಕೇಳೋಕೆ ಬಂದೆ. ಸರಸ ಅಂದ್ರೆ ಇಬ್ಬರು ಸೇರಿ ಆಡೋದಲ್ವಾ?"

ಬೋರ್ಡಣ್ಣನಿಗೆ ಆಗ ಗೊತ್ತಾಯಿತು ಇವರು ಯಾರೆಂದು. ಬ್ರಷ್ಷು ಕೈಯಲ್ಲೇ ಉಳಿಯಿತು.

"ನಾನು ಯಾವಾಗ ಆಡ್ದೆ ಅಣ್ಣ?"

ಆಕೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅನ್ನುತ್ತಾರೆ ಬೋರ್ಡಣ್ಣ. ಬಂಗಲೆಯಲ್ಲಿ ಆಕೆಯ ಜೊತೆ ಪಾತ್ರೆ ತೊಳೆಯುವ ಇನ್ನೊಬ್ಬ ಹೆಂಗಸಿಗೂ ಇದೇ ಗತಿ ಆಗಿತ್ತಂತೆ. ಸಮಿತಿಯ ಮುಂದೆ ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದವರು ಬಸ್ ಸ್ಟಾಪಿನಲ್ಲಿ ಇನ್ನೂ ಇದ್ದ ಬೋರ್ಡು ನೋಡಿ, ಹಾಗೇ ತಿರುಗಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. "ನನ್ನ ಹೆಸರಿಗೂ ಅದನ್ನೇ ಅಂಟಿಸ್ತಾರೆ ಕಣೆ, ನನ್ನ ಗಂಡ ಓದು ಬಲ್ಲೋನು," ಅಂದರಂತೆ. ಬಾಗಿಲಲ್ಲಿ ನಿಂತವರು ಕೊನೆಗೆ ಹೇಳಿದ್ದಿಷ್ಟು: "ಮುಂದಿನ ವಾರ ಸಮಿತಿ ಕೂರುತ್ತೆ. ಅವಳು ಬರ್ದೇ ಇದ್ರೆ ನಂದೊಂದೇ ಮಾತು. ಒಬ್ಬಳ ಮಾತು ಅಂದ್ರೆ ಅಲ್ಲೇ ಮುಚ್ಚಿಹಾಕ್ತಾರೆ."

ಅಂದು ಬೋರ್ಡಣ್ಣ ಮನೆಗೆ ಹೋಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಡೆದದ್ದನ್ನು ಹೇಳಿದರು. ಹೆಂಡತಿ ಹೊಲಿಗೆ ಮಿಷಿನ್ನಿನ ಮುಂದಿನಿಂದ ಏಳದೆಯೇ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿ ಮುಗಿದ ಮೇಲೆ ಮಿಷಿನ್ನು ನಿಲ್ಲಿಸಿ ಒಂದೇ ಮಾತು ಹೇಳಿದರು. "ರೀ, ಮದ್ವೆಯಾದ ಹೊಸದರಲ್ಲಿ ನಾವಿಬ್ರೂ ನಗ್ತಾ ಇದ್ರೆ ನಿಮ್ಮಮ್ಮ ಏನಂತಿದ್ರು? ಸರಸ ಸಾಕು, ಒಲೆ ಮೇಲೆ ಹಾಲಿದೆ ಅಂತಿದ್ರು. ನಮಗೂ ಅದೇ ಮಾತು, ಆ ಹೆಣ್ಣಿಗೆ ಆದದ್ದಕ್ಕೂ ಅದೇ ಮಾತಾ?"

"ಆವತ್ತಿಂದ ಊರೊಳಗೆ ನಡೆಯುವಾಗ ಬೋರ್ಡಿರೋ ಕಡೆ ರಸ್ತೆ ದಾಟಿ ಆಚೆ ಹೋಗ್ತೀನಿ," ಅನ್ನುತ್ತಾರೆ ಬೋರ್ಡಣ್ಣ. "ನನ್ನ ಅಕ್ಷರ ನೋಡಿ ನಾನೇ ತಲೆ ತಪ್ಪಿಸ್ಕೊಳ್ಳೋ ಹಾಗಾಯ್ತು. ಬರೀ ಆ ಒಂದು ಬೋರ್ಡಲ್ಲ. ಇಷ್ಟು ವರ್ಷದಲ್ಲಿ ಯಾರ್ಯಾರ ಮನೆ ಸಂಕಟಾನ ಹೀಗೆ ಗಿಡ್ಡ ಮಾಡಿದೀನೋ. ನೆನಪೂ ಇಲ್ಲ ನೋಡಿ."

ಸಮಿತಿ ಕೂರುವುದು ಇವತ್ತೇ. ಪತ್ರಿಕೆ ಬರುವುದೂ ಇವತ್ತೇ. ಅದಕ್ಕೇ ಕೈ ಇಷ್ಟು ನಿಧಾನ. ಹೋದ ವಾರ ಗಿಡ್ಡ ಮಾಡಿದ ಸಾಲನ್ನೇ ಈಗ ಪೂರ್ತಿ ಬರೆದಿದ್ದಾರೆ, ಅಕ್ಷರ ಚಿಕ್ಕದಾಗಿದೆ, ಎರಡು ಸಾಲು ಮೂರಾಗಿದೆ. ದೌರ್ಜನ್ಯಕ್ಕೆ ಕೆಂಪು ಬಣ್ಣ ಹಾಕಬೇಕೇ ಬೇಡವೇ ಎಂದು ಬಹಳ ಹೊತ್ತು ಯೋಚಿಸಿ ಕರಿಯಲ್ಲೇ ಬರೆದಿದ್ದಾರೆ. ಕೆಂಪು ಹಾಕಿದರೆ ಅದೂ ಒಂದು ಆಟವಾದೀತು ಎಂಬ ಅಳುಕು.

ಸಂಪಾದಕರು ಒಳಗೆ ಬಂದು ಹಾಳೆ ಎತ್ತಿ ಹಿಡಿಯುತ್ತಾರೆ. "ಏನಯ್ಯ ಬೋರ್ಡು, ಇದೇನು ಕಣ್ಣಾಸ್ಪತ್ರೆ ಚಾರ್ಟಾ? ಬಸ್ಸಲ್ಲಿ ಕೂತೋನಿಗೆ ಕಾಣುತ್ತಾ?"

"ಕಾಣದಿದ್ರೆ ಇಳಿದು ಓದ್ಲಿ ಸಾರ್."

"ಇಳಿದು ಓದೋಕೆ ಇದೇನು ಕಲ್ಲಲ್ಲಿ ಕೆತ್ತಿದ ಶಾಸನವಾ? ಮಾರಾಟ ಆಗದಿದ್ರೆ?"

"ಹೋದ ಸಲ ಆಯ್ತಲ್ಲ ಸಾರ್. ನಾವು ಏನು ಮಾರಿದ್ವಿ ಅಂತ ನಿಮಗೂ ಗೊತ್ತು."

ಸಂಪಾದಕರು ಹಾಳೆಯನ್ನು ಕೆಳಗಿಡುತ್ತಾರೆ. ಬಣ್ಣದ ಡಬ್ಬಿಯ ಮುಚ್ಚಳ ಹುಡುಕಿ ತಾವೇ ಮುಚ್ಚುತ್ತಾರೆ. "ನೀನು ಗಿಡ್ಡ ಮಾಡ್ದೆ, ನಿಜ," ಅನ್ನುತ್ತಾರೆ ಹೋಗುವಾಗ. "ಬೆನ್ನು ತಟ್ಟಿದ್ದು ನಾನಲ್ವಾ. ಹಾಕು, ಇದನ್ನೇ ಹಾಕು."

ಬೋರ್ಡುಗಳು ಊರಿಗೆ ಹೋಗುತ್ತವೆ. ಬಸ್ ಸ್ಟಾಪಿನದನ್ನು ಮಾತ್ರ ಬೋರ್ಡಣ್ಣ ತಾವೇ ಒಯ್ದು ಬಲೆಯೊಳಗೆ ಸಿಕ್ಕಿಸಿ ಸ್ವಲ್ಪ ದೂರದಲ್ಲಿ ನಿಲ್ಲುತ್ತಾರೆ. ಪಾತ್ರೆ ತೊಳೆಯುವ ಆ ಹೆಂಗಸಿನ ಮುಖ ಅವರಿಗೆ ಗೊತ್ತಿಲ್ಲ, ಕೇಳುವ ಹಕ್ಕೂ ತನಗಿಲ್ಲ ಅನ್ನುತ್ತಾರೆ. ಬಸ್ಸಿಗೆ ಕಾಯುವ ಹೆಂಗಸರಲ್ಲಿ ಯಾರು ಬೋರ್ಡಿನ ಕಡೆ ತಿರುಗಿದರೂ ಆಕೆಯೇ ಇರಬಹುದು ಎಂದು ಬೋರ್ಡಣ್ಣನವರ ತಲೆ ತಗ್ಗುತ್ತದೆ. ಒಬ್ಬರು ಓದಿ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಇನ್ನೊಬ್ಬರು ಮತ್ತೊಮ್ಮೆ ಓದುತ್ತಾರೆ. ನಗುವವರು ಯಾರೂ ಇಲ್ಲ. ಪತ್ರಿಕೆ ಅಷ್ಟೇನೂ ಹೋಗುತ್ತಿಲ್ಲ ಎಂದು ಅಂಗಡಿಯವನು ಗೊಣಗುತ್ತಾನೆ.

ಮಧ್ಯಾಹ್ನ ಶೆಡ್ಡಿಗೆ ಬಂದ ವರದಿಗಾರ್ತಿ ಉಸಿರು ಬಿಡದೆ ಹೇಳುತ್ತಾರೆ: "ಇಬ್ರೂ ಸಮಿತಿ ಕೋಣೆ ಒಳಗೆ ಹೋದ್ರಣ್ಣ. ಕೈ ಕೈ ಹಿಡ್ಕೊಂಡು ಹೋದ್ರು. ನಿಮ್ಮ ಬೋರ್ಡು ಕೆಲಸ ಮಾಡ್ತು."

ಬೋರ್ಡಣ್ಣ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಯಿಂದ ಒರೆಸುತ್ತಾರೆ. ಮತ್ತೆ ಅದ್ದುತ್ತಾರೆ, ಮತ್ತೆ ಒರೆಸುತ್ತಾರೆ. ಈ ಲೇಖನಕ್ಕೆ ಏನಾದರೂ ಹೇಳಿ ಎಂದರೆ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸುತ್ತಾರೆ.

"ಆ ತಾಯಿ ನನ್ನ ಬೋರ್ಡು ನೋಡಿ ಬಂದ್ರು ಅಂತ ಮಾತ್ರ ಬರೀಬೇಡಿ," ಅನ್ನುತ್ತಾರೆ ಕಡೆಗೆ. "ಬಂದ ಧೈರ್ಯ ಅವರದ್ದು. ನೋಡಿ ವಾಪಸ್ ಹೋಗಿದ್ರಲ್ಲ, ಅದು ನಂದು. ಅದನ್ನ ಬರೀರಿ."