ಖಾಲಿ ಶೆಡ್ಡು

ಬೆಳಿಗ್ಗೆ ಅಂಗಳ ಗುಡಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ನಳ ಬಂದಿತ್ತು, ಎರಡು ಡ್ರಮ್ಮು ತುಂಬಿಸಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಹತ್ತಕ್ಕೆ ನಮ್ಮ ದನದ ದವಾಖಾನೆಗೆ ಹೋಗಿ ಗುಮಾಸ್ತೆಯ ಕುರ್ಚಿಯಲ್ಲಿ ಕುಳಿತು ಲಸಿಕೆಯ ಪಟ್ಟಿ ಬರೆದೆ. ಅಷ್ಟರಲ್ಲಿ ಗುರುಗುಂಟಾ ಕಡೆಯ ರೈತರೊಬ್ಬರ ಫೋನು.

"ಅಕ್ಕಾರ, ನಮ್ಮ ಎಮ್ಮಿ ಖಾಲಿ ಐತ್ರೀ."

"ಹೊಟ್ಟಿ ಖಾಲಿ ಐತೋ, ಕೊಟ್ಟಿಗಿ ಖಾಲಿ ಐತೋ?" ಎಂದೆ.

ಆ ಕಡೆ ನಗು. "ಗಬ್ಬ ನಿಂತಿಲ್ಲ ಅಂದ್ನಿರೀ! ದವಾಖಾನ್ಯಾಗ ಕುಂತು ಇಷ್ಟೂ ತಿಳಿಯಂಗಿಲ್ಲೇನು?"

ನಗಲಿ ಬಿಡಿ. ತಿಳಿಯದೆ ಹೋದದ್ದು ಒಮ್ಮೆ ಇತ್ತು. ಅಂದಿನಿಂದ ಯಾರು ಖಾಲಿ ಅಂದರೂ ಏನು ಖಾಲಿ ಎಂದು ಕೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಾಯಿ ಸಾಕಿ ಮರಿ ಮಾರುವವರೆಲ್ಲ ನೋಂದಣಿ ಮಾಡಿಸಬೇಕು, ಅಂಥ ಜಾಗಗಳನ್ನು ನೋಡಿ ವರದಿ ಕಳಿಸಿ ಎಂದು ಸರ್ಕಾರದ ಪತ್ರ ಬಂದಿತ್ತು. ಸಂತೆಕಲ್ಲೂರು ದಾಟಿ ಮಸ್ಕಿ ರಸ್ತೆಯಿಂದ ಒಳಗೆ, ಹಳೆಯ ಕೋಳಿ ಶೆಡ್ಡಿನಲ್ಲಿ ಯಾರೋ ಜಾತಿನಾಯಿ ಇಟ್ಟಿದ್ದಾರೆಂದು ಸುದ್ದಿ. ಫೋನು ಹಚ್ಚಿದೆ. ಹೆಂಗಸಿನ ದನಿ ಕೇಳಿ ಮರಿ ಕೊಳ್ಳುವವಳೆಂದುಕೊಂಡನೇನೋ, ಮಾಲೀಕ "ಸದ್ಯ ಎಲ್ಲಾ ಖಾಲಿ ಅದಾವ್ರೀ" ಎಂದ. ಹೆಣ್ಣುನಾಯಿಗಳು ಗಬ್ಬವಿಲ್ಲ ಎಂಬುದು ಅವನ ಮಾತು. ನಾನು ದುಂಡಗೆ ಬರೆದೆ: "ಶೆಡ್ಡು ಖಾಲಿ ಇದೆ." ನನ್ನ ಅಕ್ಷರ ಚೆಂದವೆಂದು ಕಚೇರಿಯಲ್ಲಿ ಹೆಸರಿದೆ. ಡಾಕ್ಟರು ಅದನ್ನು ನಂಬಿ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಅದಕ್ಕೆ ಗೀಟು ಹೊಡೆದರು.

ಎರಡು ತಿಂಗಳ ಮೇಲೆ ಆ ಶೆಡ್ಡಿನ ಪಕ್ಕದ ಹೊಲದ ನೀಲಮ್ಮ ಆಡಿಗೆ ಔಷಧ ಒಯ್ಯಲು ಬಂದಳು. ಶೆಡ್ಡು ಖಾಲಿಯಲ್ಲವೇ ಎಂದೆ.

"ಖಾಲಿ ಶೆಡ್ಡಿಗೆ ದಿನಾ ಯಾರ ನೀರ ಹೊರ್ತಾರ್ರೀ? ಸಪ್ಪಳ ಇಲ್ಲ ಅಷ್ಟ. ನನ್ನ ಆಡ ಆ ಕಡಿ ಮೇಯಾಕ ಒಲ್ಲೆ ಅಂತಾವ. ಅವಕ್ಕಿರೋ ಬುದ್ಧಿ..." ಎಂದು ನನ್ನತ್ತ ನೋಡಿ ಮಾತು ನುಂಗಿದಳು.

ಮರುದಿನ ಡಾಕ್ಟರು, ಪೊಲೀಸರ ಜೊತೆ ನಾನೂ ಹೋದೆ. ಕಣ್ಣು ಕುಕ್ಕುವ ಬಿಸಿಲು. ಶೆಡ್ಡಿನ ಹೊರಗೆ ಒಂದು ನೊಣದ ಸದ್ದು ಬಿಟ್ಟರೆ ಏನೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಸಮಾಧಾನವಾಯಿತು: ನಾನು ಬರೆದದ್ದೇ ಸರಿ.

ತಗಡಿನ ಬಾಗಿಲು ಸರಿಸಿದರು. ಎರಡೂ ಬದಿಗೆ ಕಬ್ಬಿಣದ ಪಂಜರಗಳು, ಒಂದೊಂದರಲ್ಲೂ ಒಂದು ನಾಯಿ ಎದ್ದು ನಿಂತಿತ್ತು. ಅಷ್ಟೂ ನಮ್ಮನ್ನೇ ನೋಡುತ್ತಿದ್ದವು. ಅಷ್ಟೂ ಬೊಗಳುತ್ತಿದ್ದವು. ಬಾಯಿ ತೆರೆಯುತ್ತಿತ್ತು, ಕೊರಳು ನಡುಗುತ್ತಿತ್ತು, ಹಲ್ಲು ಕಾಣುತ್ತಿತ್ತು, ದನಿಯಿಲ್ಲ. ಬರೀ ಗಾಳಿ, ಸೈಕಲ್ಲಿಗೆ ಪಂಪು ಹೊಡೆದಂತೆ.

"ಗಂಟಲಾಗ ಏನೋ ಮಾಡ್ಯಾರ, ಮಂದಿಗೆ ಕೇಳಬಾರದಂತ," ಎಂದರು ಡಾಕ್ಟರು.

ಶೆಡ್ಡಿನ ಹಿಂದೆ ಮಣ್ಣಿನ ಗುಡ್ಡೆ ಮೂರಿದ್ದವು. "ಎಂದಿನವು?" ಎಂದೆ. ಹೊಲದಿಂದ ಬಂದು ನಿಂತಿದ್ದ ನೀಲಮ್ಮ ಸೆರಗು ಬಾಯಿಗೆ ಹಿಡಿದು, "ಈ ತಿಂಗಳದಾಗಿನವು, ಅಕ್ಕಾರ" ಎಂದಳು.

ನಾನು ಸರಿಯಾಗಿ ಕೇಳಿದ್ದರೆ ಆ ಮೂರು ನಾಯಿಗಳೂ ಜೀವಂತ ಹೊರಬರುತ್ತಿದ್ದವು. ಯಾರೂ ನನ್ನನ್ನು ಬೈಯಲಿಲ್ಲ. ಮಾಲೀಕನ ಮೇಲೆ ಕೇಸಾಯಿತು, ನಾಯಿಗಳು ಆಶ್ರಯಕ್ಕೆ ಹೋದವು. ಯಾರಿಗೂ ಬೇಡವಾದ ಒಂದು ಮುದಿ ಹೆಣ್ಣುನಾಯಿ ಉಳಿಯಿತು, ನನ್ನ ಜೊತೆ ಬಂತು. "ದವಾಖಾನಿ ಮನಿಗೇ ತಂದಿಯೇನ?" ಎಂದು ಯಜಮಾನರು ಗೊಣಗಿ, ತಮ್ಮ ಹಳೆಯ ಕಂಬಳಿಯನ್ನೇ ಹಾಸಿಕೊಟ್ಟರು.

ನಮ್ಮ ಅಂಗಳ ದೊಡ್ಡದು. ಅವಳು ಮಾತ್ರ ನಾಲ್ಕು ಹೆಜ್ಜೆ ಹಾಕಿ ತಿರುಗುತ್ತಾಳೆ. ಅಲ್ಲೊಂದು ಗೋಡೆ ಇದೆ, ನಮಗೆ ಕಾಣುವುದಿಲ್ಲ. ಆ ಜಾಗ ದಾಟುವಾಗ ನಾನೂ ಸುತ್ತುಹಾಕಿ ಹೋಗುತ್ತೇನೆ. ನಾವೆಲ್ಲ ಮಲಗುವ ತನಕ ಅವಳು ಮಲಗಿದವಳಲ್ಲ.

ಈ ಸಂಜೆ ಬಾಗಿಲ ಮುಂದೆ ಯಾರೋ ಅಪರಿಚಿತರು ಹಾದರು. ಅವಳು ಬಾಯಿ ತೆರೆದು ಬೊಗಳಿದಳು, ಅದೇ ಗಾಳಿ. ಎಂದೂ ಇಲ್ಲದ್ದು, ನಾನು ರೊಟ್ಟಿ ಬಡಿಯುವುದು ಬಿಟ್ಟು ಹೊರಬಂದು, "ಕೇಳಿಸ್ತವ್ವ, ಕೇಳಿಸ್ತು" ಎಂದೆ. ಬಾಯಿ ಮುಚ್ಚಿ ನನ್ನನ್ನು ಬಹಳ ಹೊತ್ತು ನೋಡಿದಳು.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು. ಅವಳಿಗೆ ಹಾಲಲ್ಲಿ ನೆನೆಸಿದ ರೊಟ್ಟಿ. ನಾನು ಗಂಗಾಳ ತೊಳೆದು ಬರುವಷ್ಟರಲ್ಲಿ, ಯಜಮಾನರು ಇನ್ನೂ ಅಡಿಕೆ ಅಗಿಯುತ್ತ ಕುಳಿತಿದ್ದಾಗಲೇ, ಅವಳಿಗೆ ನಿದ್ದೆ ಹತ್ತಿತ್ತು.